ಬೆರಳಿಟ್ಟು ಮುಚ್ಚಿದ ಬಾಗಿಲು

"ಸೈರನ್ ಹೊಡೀಲಿಲ್ಲ ಅಂದಾಕಿ ಯಾಕಿ? ಮೊದಲ ಆಕೀನ ಕರೀರಿ ಇಲ್ಲಿ."

ಮೈಲೇಶ ಹೆಲ್ಮೆಟ್ಟನ್ನೂ ತೆಗೆದಿರಲಿಲ್ಲ. ರಾಣೆಬೆನ್ನೂರಿನಿಂದ ಬ್ಯಾಡಗಿಯ ಈ ಕೋಲ್ಡ್ ಸ್ಟೋರೇಜಿನವರೆಗೆ ದಾರಿಯುದ್ದಕ್ಕೂ ಅದೊಂದೇ ಮಾತನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಬಂದಿದ್ದ. ಕದರಮಂಡಲಗಿ ದಾಟುವಾಗ ಅಡ್ಡ ಬಂದ ಮೆಣಸಿನಕಾಯಿ ಟ್ರ್ಯಾಕ್ಟರಿನವನಿಗೆ ಬೈದಿದ್ದ, ಆತ ತಿರುಗಿ ಬೈಯಲಿಲ್ಲವೆಂದು ಇನ್ನಷ್ಟು ಸಿಟ್ಟಾಗಿದ್ದ.

"ಹೆಲ್ಮೆಟ್ ತಗೀಪಾ ತಮ್ಮಾ. ಇಲ್ಲಿ ಯಾರೂ ನಿನ್ನ ಹೊಡ್ಯಾಂಗಿಲ್ಲ" ಎಂದ ಮ್ಯಾನೇಜರ್ ಸಿದ್ದಲಿಂಗೇಶ. ಸ್ಟೋರೇಜಿನ ಮಾಲೀಕರ ಅಣ್ಣನ ಮಗ. ಇಸ್ತ್ರಿ ಮಾಡಿದ ಅಂಗಿಯ ಜೇಬಿನಲ್ಲಿ ಎರಡು ಮೊಬೈಲು. "ನನಗೂ ಮೆಣಸಿನಕಾಯಿ ಟೆಂಡರಿಗೆ ಹೋಗೋದೈತಿ. ನಿನ್ನ ಪೆಟಗಿ ಛಲೋ ಐತೋ ಕೆಟ್ಟೈತೋ, ಎಲ್ಲಾರ ಮುಂದ ತೋರಿಸು. ಮಾತು ಮುಗೀಲಿ."

ಪೆಟ್ಟಿಗೆ ಒಳಗೆ, ತಂಪು ಕೋಣೆಯ ಬಾಗಿಲ ಪಕ್ಕದ ಗೋಡೆಗೆ ಇತ್ತು. ಊಟದ ಡಬ್ಬಿಯಷ್ಟು ದೊಡ್ಡದು. ಬಾಗಿಲು ಮುಚ್ಚಿದೆ ಎಂದು ಚೌಕಟ್ಟಿನ ಸ್ವಿಚ್ಚು ಅದಕ್ಕೆ ಹೇಳಬೇಕು. ಒಳಗೆ ಯಾರೋ ಅಲುಗಾಡುತ್ತಿದ್ದಾರೆ ಎಂದು ಅದರ ಮುಖದ ಗಾಜಿನ ಕಣ್ಣು ಹೇಳಬೇಕು. ಎರಡೂ ಆದರೆ ಟೈಮರ್ ಶುರು. ಹತ್ತು ನಿಮಿಷದಲ್ಲಿ ಬಾಗಿಲು ತೆರೆಯದಿದ್ದರೆ ಟೈಮರ್ ಸನ್ನೆ ಮಾಡುತ್ತದೆ, ಹೊರಗೆ ಬಾಗಿಲ ನೆತ್ತಿಯ ಸೈರನ್ ಹೊಡೆಯುತ್ತದೆ. ಇದರ ಜೊತೆಗೆ ಪೆಟ್ಟಿಗೆಯಲ್ಲಿ ಒಂದು ಸಿಮ್. ಅದು ಆಗಾಗ ಟವರನ್ನು 'ಇದ್ದೀಯಾ' ಎಂದು ಕೇಳುತ್ತಿರಬೇಕು. ಇದ್ದರೆ ಮ್ಯಾನೇಜರನ ಮೊಬೈಲಿಗೆ ಸುದ್ದಿ ಹೋಗುತ್ತದೆ. ಟೈಮರಿನ ಭಾಗ ಬರೆದವನು ಮೈಲೇಶ ದುಡಿಯುವ ಅಂಗಡಿಯ ಮಾಲೀಕ ತೇಜಸ, ಇಂಜಿನಿಯರಿಂಗ್ ಓದಿದವನು. ಟವರನ್ನು ಕೇಳುವ ಭಾಗ ಮೈಲೇಶ ಬರೆದದ್ದು.

ಕುಪ್ಪೇಲೂರಿನ ಶಾಲೆಯಲ್ಲಿ ಒಂಬತ್ತನೇ ಇಯತ್ತೆಯ ಗಣಿತದ ಮಾಸ್ತರು, "ನೀ ಎಮ್ಮಿ ಕಾಯಾಕ ಸೈತ ಲಾಯಕ್ ಇಲ್ಲಲೇ, ಎಮ್ಮೀನೂ ಎಣಿಸಬೇಕಾಗತೈತಿ" ಎಂದಾಗ ಪಾಟೀಚೀಲವನ್ನು ಅಲ್ಲಿಯೇ ಬಿಟ್ಟು ಎದ್ದು ಬಂದವನು ಅವನು. ಮೊಬೈಲ್ ರಿಪೇರಿ ಕಲಿತ, ಆಮೇಲೆ ತೇಜಸನ ಎಲೆಕ್ಟ್ರಿಕ್ ಪ್ಯಾನೆಲ್ ಅಂಗಡಿ ಸೇರಿದ, ರಾತ್ರಿಯೆಲ್ಲ ವಿಡಿಯೋ ನೋಡಿ ಕೋಡು ಬರೆಯುವುದನ್ನು ಕಲಿತ. ಗೋಡೆಯ ಮೇಲಿನ ಆ ಪೆಟ್ಟಿಗೆ ಅವನು ಜಗತ್ತಿಗೆ ಕೊಟ್ಟ ಮೊದಲ ಉತ್ತರ. ಅದನ್ನು ಯಾವಳೋ ಕಸಗುಡಿಸುವವಳು ಸುಳ್ಳು ಮಾಡಿದ್ದಳು.

"ನಾನ್ರೀ ಹೇಳಿದಾಕಿ. ನಾ ಅಲ್ಲ, ಈಕಿ. ಈಕಿ ಪರವಾಗಿ ನಾ."

ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರ ಗುಂಪಿನಿಂದ ಬಿಸ್ಮಿಲ್ಲಾಬಿ ಎದ್ದು ಬಂದಳು. ಅವಳ ಹಿಂದೆ ಕರೆವ್ವ. ಐವತ್ತು ದಾಟಿದ ಹೆಂಗಸು, ಕೊರಳಿಗೆ ಗಂಡಸರ ಮಫ್ಲರು ಸುತ್ತಿಕೊಂಡಿದ್ದಳು. ಕಂಕುಳಲ್ಲಿ ಕಸಬರಿಗೆ ಇತ್ತು. ಕೆಲಸದಿಂದ ನಿಲ್ಲಿಸಿದ್ದರೂ ಅದನ್ನು ಬಿಟ್ಟು ಬಂದಿರಲಿಲ್ಲ.

"ಆಕೀಗೆ ಬಾಯಿ ಇಲ್ಲೇನು?" ಎಂದ ಮೈಲೇಶ.

"ಇತ್ತು. ನಿನ್ನ ಪೆಟಗಿ ನುಂಗೇತಿ" ಎಂದಳು ಬಿಸ್ಮಿಲ್ಲಾಬಿ. "ಮೊನ್ನಿ ಮಧ್ಯಾಹ್ನದ ಚಹಾ ಕುಡದು ಒಳಗ ಹೋದಾಕಿ, ದೀಪ ಹಚ್ಚೋ ಹೊತ್ತಿನ ತನಕ ಒದರ್ಯಾಳ. ಗುಂಟೂರ ಕಾಯಿ ಘಾಟು, ಮ್ಯಾಲ ಆ ಥಂಡಿ. ಧ್ವನಿ ಹೋಗೇತಿ. ಹಾವೇರಿ ಡಾಕ್ಟರು ಮಾತಾಡಬ್ಯಾಡ ಅಂದಾರ, ಅದಕ್ಕ ನನ್ನ ಬಾಯಿ ಕಡಾ ತಗೊಂಡಾಳ."

ಹೆಂಗಸರು ನಕ್ಕರು. ಕರೆವ್ವನೂ ನಕ್ಕಳು, ಅದರಲ್ಲಿ ಬರೀ ಗಾಳಿ ಇತ್ತು.

ನಗು ಕೇಳಿ ಮೈಲೇಶನ ಕಿವಿ ಬಿಸಿಯಾಯಿತು. "ಸೈರನ್ ಹೊಡೀತೋ ಇಲ್ಲೋ? ಬಾಯಿ ಬಿಟ್ಟು ಹೇಳಬೇ. ಸನ್ನಿ ಮಾಡಬ್ಯಾಡ."

ಕರೆವ್ವ ಅವನ ಮುಖವನ್ನೇ ನೋಡಿ ತುಟಿ ಅಲುಗಿಸಿದಳು. ಹೊರಬಿದ್ದ ಪಿಸುದನಿ ಹತ್ತಿರ ನಿಂತವರಿಗಷ್ಟೇ ಕೇಳಿತು. "ಇಲ್ಲಪಾ."

"ಹೊಡದೈತ್ರಿ" ಎಂದ ಬಾಗಿಲು ಕಾಯುವ ಚನ್ನೇಶ, ಅಪರಾಧ ಮಾಡಿದವನಂತೆ ನೆಲ ನೋಡುತ್ತ. ಒಳಗೆ ಯಾರಿದ್ದಾರೆಂದು ನೋಡದೆ ಅಂದು ಬಾಗಿಲು ಹಾಕಿದ್ದವನು ಅವನೇ. "ಸಂಜೀಕ ಲಾರಿ ಬಂತು, ನಾ ಬಾಗಲಾ ತಗದೆ. ತಗದ ಕೂಡ್ಲೇ ಹೊಡೀತು. ನಾನ ಕಿವಿ ಮುಚಗೊಂಡೇನಿ."

"ಕೇಳಿದಿಲ್ಲ?" ಸಿದ್ದಲಿಂಗೇಶ ಬೆರಳು ಮಡಚಿದ. "ಸೈರನ್ ಕೆಟ್ಟಿಲ್ಲ. ಈಕಿ ಮೂಲ್ಯಾಗ ಚೀಲದ ಮ್ಯಾಲ ಮಲಗಿದ್ಲು. ಅಲುಗಾಡಲಿಲ್ಲ, ಕಣ್ಣಿಗೆ ಕಾಣಲಿಲ್ಲ. ಬಾಗಲಾ ತಗದಾಗ ಎದ್ಲು, ಆವಾಗ ಹೊಡೀತು. ಯಾಕ ಕುಂತಿದ್ಲು ಒಳಗ? ಉಡ್ಯಾಗ ಏನಿತ್ತು ಕೇಳು."

ಉಡಿಯಲ್ಲಿ ಮೆಣಸಿನಕಾಯಿ ಇತ್ತು. ಚೀಲದಿಂದ ನೆಲಕ್ಕೆ ಉದುರಿದ ಕಾಯಿ ಗುಡಿಸಿದವರಿಗೆ, ಎಂಬುದು ಈ ಕೋಣೆಯ ಹಳೆಯ ರೀತಿ. ಮಾಲೀಕರ ತಂದೆಯ ಕಾಲದಿಂದ ಯಾರೂ ಅದನ್ನು ಬೇಡವೆಂದಿರಲಿಲ್ಲ. ಸಿದ್ದಲಿಂಗೇಶ ಬಂದ ಮೇಲೆ ಅದಕ್ಕೆ ಕಳವು ಎಂದು ಹೆಸರಾಯಿತು.

"ಕಾಂತೇಶ ದೇವರ ಮುಂದ ಆಣಿ ಮಾಡ್ತಾಳಂತ ಕೇಳ್ರಿ" ಎಂದಳು ಬಿಸ್ಮಿಲ್ಲಾಬಿ. "ಕದರಮಂಡಲಗಿ ದೂರಿಲ್ಲ. ಈಕಿ ಬರ್ತಾಳ. ನೀವು ಬರ್ತೀರೇನು?"

"ದೇವರು ಯಾಕ ಬೇಕು? ಮಿಶಿನ್ ಐತಲ್ಲ" ಎಂದ ಸಿದ್ದಲಿಂಗೇಶ. "ಹಚ್ಚಪಾ."

ಮೈಲೇಶ ಬಾಗಿಲಲ್ಲಿ ನಿಂತು ಕೆಲಸ ಶುರುಮಾಡಿದ. ಟೈಮರನ್ನು ಹತ್ತು ನಿಮಿಷದಿಂದ ಒಂದು ನಿಮಿಷಕ್ಕೆ ಇಳಿಸಿದ. ಪರೀಕ್ಷೆ ಯಾವತ್ತೂ ಹೀಗೇ. ಹತ್ತು ನಿಮಿಷ ಯಾರು ಕಾಯುತ್ತಾರೆ? ಆಮೇಲೆ ಬಾಗಿಲು ತೆರೆದೇ ಇರುವಾಗ ಚೌಕಟ್ಟಿನ ಸ್ವಿಚ್ಚನ್ನು ಎಡಗೈ ಹೆಬ್ಬೆರಳಿನಿಂದ ಒತ್ತಿ ಹಿಡಿದ. ಈಗ ಪೆಟ್ಟಿಗೆಯ ಲೆಕ್ಕದಲ್ಲಿ ಬಾಗಿಲು ಮುಚ್ಚಿತು. ಅದೂ ಯಾವತ್ತಿನ ರೀತಿಯೇ. ಪೆಟ್ಟಿಗೆ ಕೂಡಿಸಿದ ದಿನ ತೇಜಸನೂ ಹೀಗೇ ಒತ್ತಿ ತೋರಿಸಿದ್ದ. ಆ ಥಂಡಿಯಲ್ಲಿ ಒಳಗೆ ಹೋಗಿ ನಿಲ್ಲುವ ಹುಚ್ಚು ಯಾರಿಗೂ ಇರಲಿಲ್ಲ. ಬಲಗೈಯನ್ನು ಕಣ್ಣಿನ ಮುಂದೆ ಆಡಿಸಿದ.

ಎಲ್ಲರೂ ಬಾಗಿಲ ನೆತ್ತಿ ನೋಡುತ್ತ ನಿಂತರು. ನಿಮಿಷ ಮುಗಿಯುವುದಕ್ಕೂ ಸೈರನ್ ಕಿರುಚುವುದಕ್ಕೂ ಸರಿಹೋಯಿತು. ತಗಡಿನ ಚಾವಣಿಯಿಂದ ಪಾರಿವಾಳಗಳು ಎದ್ದವು. ಸಿದ್ದಲಿಂಗೇಶನ ಜೇಬಿನಲ್ಲಿ ಮೊಬೈಲು ಟಿಣ್ ಎಂದಿತು.

ಮೈಲೇಶ ಬೆರಳು ತೆಗೆದು ಪೆಟ್ಟಿಗೆಯೊಳಗಿನ ಗುಂಡಿ ಒತ್ತಿದ. ಸೈರನ್ ನಿಂತಿತು. ಅವನಿಗೆ ಆ ಗಣಿತದ ಮಾಸ್ತರು ಇಲ್ಲಿರಬೇಕಿತ್ತು ಅನ್ನಿಸಿತು. "ಈಗೇನಂತೀರಿ? ಇದು ನಿಮ್ಮಂಗ ಸುಳ್ಳು ಹೇಳೂದಿಲ್ಲ."

ಬಿಸ್ಮಿಲ್ಲಾಬಿ ತಿರುಗಿ ಕರೆವ್ವನ ಮುಖ ನೋಡಿದಳು. ಕರೆವ್ವ ಇನ್ನೂ ಸೈರನ್ನನ್ನೇ ನೋಡುತ್ತಿದ್ದಳು.

"ಮುಗೀತು" ಎಂದ ಸಿದ್ದಲಿಂಗೇಶ. "ಕರೆವ್ವಾ, ನಾಳಿಂದ ಈ ಗೇಟಿನೊಳಗ ಕಾಲಿಡಬ್ಯಾಡ. ಪೋಲೀಸರಿಗೆ ಕೊಡಲಿಲ್ಲಂತ ಖುಷಿ ಪಡು. ಮತ್ತ ಎಲ್ಲಾರಿಗೂ ಹೇಳಾಕತ್ತೇನಿ, ಉದುರಿದ್ದು ಇನ್ನ ಮ್ಯಾಲೆ ನಮ್ಮದು."

ಗೆದ್ದವನ ಹಾಗೆ ಮೈಲೇಶ ಪೆಟ್ಟಿಗೆಯ ಮುಚ್ಚಳ ಹಾಕಲು ಒಳಗೆ ಹೋದ. ಟೈಮರನ್ನು ಹತ್ತಕ್ಕೆ ಏರಿಸಿದ. ಒಂದು ಕೈಯಲ್ಲಿ ಸ್ಕ್ರೂ ಡ್ರೈವರು, ಕಿವಿಗೂ ಭುಜಕ್ಕೂ ನಡುವೆ ಮೊಬೈಲು.

"ತೇಜಸಣ್ಣಾ, ಆತ್ರಿ. ಎಲ್ಲಾರ ಮುಂದ ಹೊಡಿಸಿ ತೋರಿಸೇನಿ. ಒಬ್ಬರ ಬಾಯೀನೂ ಏಳಲಿಲ್ಲ."

"ಛಲೋ ಆತು ನೋಡು. ಹಾವೇರಿಯವರೂ ಎರಡು ಪೆಟಗಿ ಕೇಳ್ಯಾರ. ಹೆಸರು ಕೆಡಬಾರದು. ನೀ ಲಗೂನ..."

ಮಾತು ಅರ್ಧಕ್ಕೇ ನಿಂತಿತು. "ಹಲೋ, ಹಲೋ" ಎಂದ. ತಿರುಗಿ ನೋಡಿದರೆ ತಂಪು ಹೊರಗೆ ಹೋಗುತ್ತದೆಂದು ಚನ್ನೇಶ ಬಾಗಿಲನ್ನು ಗೇಣಿನಷ್ಟು ಬಿಟ್ಟು ಹಾಕಿದ್ದ. ಗೇಣು ದಪ್ಪದ ಬಾಗಿಲು, ಎರಡೂ ಬದಿ ತಗಡು. ಮೊಬೈಲಿನ ನೆತ್ತಿಯಲ್ಲಿ ಒಂದು ಕಡ್ಡಿಯೂ ಇರಲಿಲ್ಲ. ಪೆಟ್ಟಿಗೆಯೊಳಗಿನ ನೀಲಿ ದೀಪ, ಇಷ್ಟು ಹೊತ್ತು ನಿಂತು ಉರಿಯುತ್ತಿದ್ದದ್ದು, ಮಿಣಮಿಣ ಹೊಡೆದುಕೊಳ್ಳತೊಡಗಿತು. ಇದ್ದೀಯಾ, ಇದ್ದೀಯಾ, ಇದ್ದೀಯಾ.

ಉತ್ತರ ಬರುವ ತನಕ ಕಾಯಿ. ಹಾಗೆಂದು ಪೆಟ್ಟಿಗೆಯ ಕೋಡಿನಲ್ಲಿ ಅವನೇ ಬರೆದಿದ್ದ. ಅಂಗಡಿಯಲ್ಲಿ ಟವರು ನೆತ್ತಿಯ ಮೇಲೇ ಇತ್ತು, ಉತ್ತರ ಕಣ್ಣು ಮಿಟುಕಿಸುವುದರೊಳಗೆ ಬರುತ್ತಿತ್ತು. ಕಾಯುವುದೆಂದರೆ ಏನು ಎಂದು ಪೆಟ್ಟಿಗೆಗೆ ಗೊತ್ತೇ ಇರಲಿಲ್ಲ. ಟೈಮರನ್ನು ಒಮ್ಮೆ ನೋಡಿದ್ದರು, ಟವರನ್ನು ಒಮ್ಮೆ ನೋಡಿದ್ದರು. ಪೆಟ್ಟಿಗೆ ಟವರಿಗಾಗಿ ಕಾಯುತ್ತ ಕೂತಾಗ ಟೈಮರು ಬಂದು ಬಾಗಿಲು ಬಡಿದರೆ ಎದ್ದು ಹೋಗುತ್ತದೋ ಇಲ್ಲವೋ, ಅದನ್ನು ನೋಡಿದವರು ಯಾರು? ಬಾಗಿಲು ತೆಗೆದ ಕೂಡಲೇ ಸೈರನ್ ಹೊಡೆಯಿತು ಎಂದು ಚನ್ನೇಶ ಹೇಳಿದ್ದ.

ಸ್ಕ್ರೂ ಡ್ರೈವರನ್ನು ಕೆಳಗಿಡಲು ಬಾಗಿದಾಗ ಬಾಗಿಲ ಒಳಮೈ ಕಂಡಿತು. ಹಿಡಿ ಇರಬೇಕಾದ ಕಡೆ ತೂತಿತ್ತು. ತೂತಿನ ಕೆಳಗೆ, ಎದೆಯೆತ್ತರದಲ್ಲಿ, ತಗಡು ಅಲ್ಲಲ್ಲಿ ತಗ್ಗಾಗಿತ್ತು. ಕಸಬರಿಗೆಯ ಹಿಡಿ ಬಡಿದಷ್ಟು ತಗ್ಗು. ಮಲಗಿದವರು ಹೀಗೆ ಬಡಿಯುವುದಿಲ್ಲ.

ಮೈಲೇಶ ಹೊರಗೆ ಬಂದು ಗೋಡೆಯ ಮರೆಗೆ ನಿಂತು ಮತ್ತೆ ಫೋನು ಹಚ್ಚಿದ.

"ಅಣ್ಣಾ, ಟೈಮರು ನೀ ನೋಡಿದ್ದಿ. ನೆಟ್‌ವರ್ಕ್ ನಾ ನೋಡಿದ್ದೆ. ಎರಡೂ ಕೂಡೇ ಯಾರು ನೋಡ್ಯಾರ?"

ತೇಜಸ ದಡ್ಡನಲ್ಲ, ಅಷ್ಟರಲ್ಲೇ ತಿಳಿದುಕೊಂಡ. "ಮೈಲೇಶ, ಕೇಳಿಲ್ಲೆ. ಅಲ್ಲೆ ಏನೂ ಬಾಯಿ ಬಿಡಬ್ಯಾಡ. ಸುಮ್ನ ಹೊಳ್ಳಿ ಬಾ. ಸರ್ವಿಸ್ ಅಂತ ಹೇಳಿ ಮುಂದಿನ ವಾರ ಹೋಗಿ ಸುಧಾರಿಸಿ ಬರೋಣ. ಯಾರಿಗೂ ತಿಳಿಯೂದಿಲ್ಲ."

"ಆಕೀ ಕೆಲಸ ಹೋಗೇತಿ. ಕಳ್ಳಿ ಅಂದಾರ."

"ಅದು ಅವರವರ ಜಗಳ. ನಮಗೇನು?"

"ನಮಗೇನು" ಎಂದು ಮೈಲೇಶ ಅದನ್ನೇ ತಿರುಗಿಸಿ ಅಂದ. "ನಮಗೇನಪಾ ಅಣ್ಣಾ, ಖರೇ. ಹಿಡಿ ಮುರದರ ಹಿಡಿ ಹಾಕಸಲಾರದ ಸೂಳೇಮಕ್ಕಳಿಗೆ ನಾವು ಪೆಟಗಿ ಮಾರೇವಿ. ನಮಗೇನು." ಫೋನು ಕತ್ತರಿಸಿದ. ಅದು ತಿರುಗಿ ಬಡಿದುಕೊಳ್ಳತೊಡಗಿದಾಗ ದನಿ ಅಡಗಿಸಿ ಜೇಬಿಗೆ ಹಾಕಿದ.

ಸಿದ್ದಲಿಂಗೇಶ ಕಾರಿನ ಕಡೆ ನಡೆದಿದ್ದ. ಮೈಲೇಶ ಅಡ್ಡ ಹೋಗಿ ನಿಂತ.

"ಇನ್ನೊಮ್ಮೆ ನೋಡೂದೈತ್ರಿ. ಬಾಗಲಾ ಹಾಕಿ."

"ಎಲ್ಲಾರೂ ನೋಡೇವಲ್ಲೋ."

"ನಾವು ನೋಡಿದ್ದು ನನ್ನ ಹೆಬ್ಬಟ್ಟು. ಬಾಗಲಾ ಅಲ್ಲ."

"ನಿನ್ನ ಪೆಟಗಿ ಛಲೋ ಐತಿ ಅಂತ ನಾನ ಹೇಳಾಕತ್ತೇನಿ, ನಿನಗ ಏನ ರೋಗ?" ಸಿದ್ದಲಿಂಗೇಶನಿಗೆ ನಗು ಬಂತು. "ಗೆದ್ದ ಆಟಾನ ಮತ್ತ ಆಡಾಂವನ್ನ ಇವತ್ತ ನೋಡಿದೆ."

"ನೀವು ಒಳಗ ಬರ್ರಿ ನನ್ನ ಕೂಡ. ಹತ್ತು ನಿಮಿಷ. ಇಸ್ತ್ರಿ ಕೆಡೂದಿಲ್ಲ."

ನಗು ಹೋಯಿತು. ಸಿದ್ದಲಿಂಗೇಶ ಅವನನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿದ. "ಚನ್ನೇಶಾ, ಈ ಪೈಲವಾನಗ ತಲಿ ಕಾದೈತಿ. ಒಳಗ ಬಿಟ್ಟು ಬಾಗಲಾ ಹಾಕು, ತಂಪಾಗಿ ಬರಲಿ."

"ಹಾಕು" ಎಂದ ಮೈಲೇಶ. "ಸೈರನ್ ಹೊಡಿಯೂತನಕ ತಗೀಬ್ಯಾಡ. ಯಾರು ಹೇಳಿದ್ರೂ ತಗೀಬ್ಯಾಡ."

ಅಂದ ಮೇಲೆ ಅದು ಎಂಥ ಮಾತು ಎಂದು ಅವನಿಗೇ ತಿಳಿಯಿತು. ಸಿಟ್ಟಿನ ಬಾಯಿಗೆ ಹಿಂದಕ್ಕೆ ಬರುವ ದಾರಿ ಇರಲಿಲ್ಲ. ಕರೆವ್ವನ ಮುಂದಿನಿಂದಲೇ ಒಳಗೆ ಹೋದ. ಅವಳು ಏನೋ ಹೇಳಲು ತುಟಿ ತೆರೆದಳು, ಕೈಯನ್ನೂ ಚಾಚಿದಳು. ಅವನು ನಿಲ್ಲಲಿಲ್ಲ. ಬಾಗಿಲು ಒತ್ತಿಕೊಂಡು ಕೂತ ಸದ್ದು ಮೆತ್ತಗಿತ್ತು, ಚೀಲವೊಂದು ಚೀಲದ ಮೇಲೆ ಬಿದ್ದಷ್ಟು.

ಕತ್ತಲೆ. ದೀಪದ ಸ್ವಿಚ್ಚು ಹೊರಗಿತ್ತು, ಯಾರೂ ಹಾಕಲಿಲ್ಲ. ನೀಲಿ ಚುಕ್ಕಿಯೊಂದೇ ಮಿಣಮಿಣ. ಅವನು ಅದರ ಮುಂದೆ ಕೈ ಬೀಸಿದ. ಟೈಮರು ಶುರುವಾಗಿರಬೇಕು. ಟೈಮರು ಮುಗಿದರೆ ಪಕ್ಕದ ಕೆಂಪು ದೀಪ ಹತ್ತಬೇಕು. ಆಚೀಚೆ ಚಾವಣಿಯ ತನಕ ಚೀಲಗಳು. ಎಲ್ಲೋ ಮೇಲೆ ಫ್ಯಾನುಗಳು ಒಂದೇ ಸಮ ಊದುತ್ತಿದ್ದವು. ತೆಳ್ಳನೆಯ ಅಂಗಿಯೊಳಗೆ ಥಂಡಿ ನೀರಿನಂತೆ ಇಳಿಯಿತು.

ಮೊಬೈಲಿನಲ್ಲಿ ಹೊತ್ತು ನೋಡುತ್ತ ನಿಂತ. ಹತ್ತು ನಿಮಿಷವಾಯಿತು. ಕೆಂಪು ಹತ್ತಲಿಲ್ಲ.

ಮೊದಲು ಅವನಿಗೆ ಒಂದು ನಮೂನೆ ಸಂತೋಷವೇ ಆಯಿತು. ಸಿಕ್ಕಿಬಿತ್ತು. ಇನ್ನು ಬಾಗಿಲು ತೆಗೆದರೆ ಆ ಇಸ್ತ್ರಿ ಅಂಗಿಯವನ ಮುಖಕ್ಕೆ ಹೇಳುತ್ತೇನೆ, ತೇಜಸನಿಗೂ ಹೇಳುತ್ತೇನೆ. ಆಮೇಲೆ ಬಾಗಿಲು ತೆಗೆಯುವುದು ಸೈರನ್ ಹೊಡೆದ ಮೇಲೆ ಎಂಬುದು ನೆನಪಾಯಿತು. ಬಾಗಿಲಿಗೆ ಗುದ್ದಿದ. ತಗಡಿನ ಹಿಂದೆ ದಪ್ಪ ಹೂರಣ, ಗುದ್ದು ಅಲ್ಲಿಯೇ ಹೂತುಹೋಯಿತು.

"ಚನ್ನೇಶಾ. ತಗಿಯೋ."

ತಗ್ಗಿದ್ದ ಕಡೆಯೇ ಅವನ ಮುಷ್ಟಿಯೂ ಬೀಳುತ್ತಿತ್ತು. ಯಾರಿಗೆ ಸಿಟ್ಟಾಗುವುದು? ಬಾಗಿಲಿಗೆ? ಟವರಿಗೆ? 'ಉತ್ತರ ಬರುವ ತನಕ ಕಾಯಿ' ಎಂದು ಬರೆದು ಚಹಾ ಕುಡಿಯಲು ಎದ್ದುಹೋದವನಿಗೆ? ಕೈಗೆ ಸಿಕ್ಕದ್ದು ಚೀಲ, ಅದಕ್ಕೆ ಒದ್ದ. ಮತ್ತೆ ಒದ್ದ. ಹೊಲಿಗೆ ಬಿಚ್ಚಿ ಒಣಗಿದ ಕಾಯಿಗಳು ಪಾದದ ಮೇಲೆ ಸುರಿದವು, ಕತ್ತಲಲ್ಲಿ ಘಾಟು ಎದ್ದಿತು. ಕಾಣದ ಪುಡಿ ಮೂಗಿಗೆ, ಕಣ್ಣಿಗೆ, ಒದರಲು ತೆರೆದ ಬಾಯಿಗೆ ಹೋಯಿತು. ಕೆಮ್ಮಿದ. ಕೆಮ್ಮಿನ ನಡುವೆ ಒದರಿದ, ಒದರಿದಷ್ಟೂ ಥಂಡಿಯೂ ಘಾಟೂ ಒಳಗಿಳಿದವು. ಚೀಲಕ್ಕೆ ಒರಗಿ ಕೂತ. ನೀಲಿ ಚುಕ್ಕಿ ಕೇಳುತ್ತಲೇ ಇತ್ತು. ಅದಕ್ಕೆ ದಣಿವಿರಲಿಲ್ಲ.

ಅವಳು ಹೀಗೆ ಸಂಜೆಯ ತನಕ ಇದ್ದಳು.

ಎಷ್ಟೋ ಹೊತ್ತಿನ ಮೇಲೆ ಹೊರಗಿನಿಂದ ಬಾಗಿಲು ಬಡಿದ ಸದ್ದು ಬಂತು. ಟಕ್, ಟಕ್. ಆಮೇಲೆ ಯಾರೋ ಜಗಳವಾಡುವ ಗುಜುಗುಜು. ಬಾಗಿಲು ಕಿತ್ತುಕೊಂಡು ತೆರೆಯಿತು, ಬೆಳಕು ಹೊಡೆತದಂತೆ ಬಿತ್ತು.

"ಸೈರನ್ ಹೊಡದಿಲ್ಲಬೇ, ನನ್ನ ಕೆಲಸ ಹೋಗತೈತಿ" ಎಂದು ಚನ್ನೇಶ ಅಳುದನಿಯಲ್ಲಿ ಹೇಳುತ್ತಿದ್ದ. ಬಿಸ್ಮಿಲ್ಲಾಬಿ ಅವನ ಅಂಗಿಯ ಕೊರಳಪಟ್ಟಿ ಹಿಡಿದಿದ್ದಳು. ಬಾಗಿಲ ಹೊರಗಿನ ಹಿಡಿಯನ್ನು ಎರಡೂ ಕೈಯಿಂದ ಜಗ್ಗಿ ಹಿಡಿದು ನಿಂತವಳು ಕರೆವ್ವ. ಕಸಬರಿಗೆ ಅವಳ ಕಂಕುಳಲ್ಲೇ ಇತ್ತು.

ಮೈಲೇಶ ಬಾಗಿಲ ತನಕ ಬಂದು ಚೌಕಟ್ಟು ಹಿಡಿದುಕೊಂಡ. ಫೋನಿನ ಮಾತು ಮುಗಿಸಿ ಆಗಷ್ಟೇ ಟೆಂಡರಿಗೆ ಹೊರಟಿದ್ದ ಸಿದ್ದಲಿಂಗೇಶ ಗದ್ದಲ ಕೇಳಿ ಕಾರು ಗೇಟಿನಲ್ಲಿಯೇ ಬಿಟ್ಟು ಹಿಂದಕ್ಕೆ ಬಂದಿದ್ದ. ಅವನ ಕಣ್ಣು ಮೊದಲು ಬಿದ್ದದ್ದು ನೆಲದ ಮೇಲೆ ಚೆಲ್ಲಿದ ಕಾಯಿಯ ಮೇಲೆ.

"ಏನೋ ಇದು? ಚೀಲ ಹರದೀಯಲ್ಲ. ಇಷ್ಟ ಹೊತ್ತ ಒಳಗೇನ ಮಾಡಾಕತ್ತಿದ್ದಿ? ಮಲಗಿದ್ದೇನು?"

ಮೈಲೇಶ ಬಾಯಿ ತೆರೆದ. ಹೇಳಬೇಕಾದ್ದೆಲ್ಲ ಅಲ್ಲಿಯೇ ಸಾಲಾಗಿ ನಿಂತಿತ್ತು, ಪೆಟ್ಟಿಗೆಯದು, ಹಿಡಿಯದು, ತಗಡಿನ ತಗ್ಗಿನದು. ಗಂಟಲಿನಿಂದ ಗಾಳಿ ಬಂತು. ಮತ್ತೆ ಪ್ರಯತ್ನಿಸಿದ. ಮತ್ತೆ ಗಾಳಿ.

"ಬಾಯಿ ಬಿಟ್ಟು ಹೇಳೋ" ಎಂದ ಸಿದ್ದಲಿಂಗೇಶ.

ಕರೆವ್ವ ಮೈಲೇಶನನ್ನು ನೋಡಿದಳು. ಅವನು ಕಣ್ಣು ತಪ್ಪಿಸಿದ. ಘಾಟಿಗೆ ಆಗಲೇ ನೀರು ಸುರಿಸುತ್ತಿದ್ದ ಕಣ್ಣು.

ಅವನ ಹಿಂದೆ, ಗೋಡೆಯ ಪೆಟ್ಟಿಗೆಯಲ್ಲಿ, ಮಿಣಮಿಣ ಎನ್ನುತ್ತಿದ್ದ ನೀಲಿ ದೀಪ ನಿಂತು ಉರಿಯಿತು. ಪಕ್ಕದಲ್ಲಿ ಕೆಂಪು ಹತ್ತಿತು. ಬಾಗಿಲ ನೆತ್ತಿಯಲ್ಲಿ ಸೈರನ್ ಕಿರುಚತೊಡಗಿತು.

ಪಾರಿವಾಳಗಳು ಎದ್ದವು. ಸಿದ್ದಲಿಂಗೇಶನ ಜೇಬಿನಲ್ಲಿ ಮೊಬೈಲು ಅಲುಗಿತು. ಅವನು ಅದನ್ನು ತೆಗೆದು ನೋಡಿದ, ತೆರೆದ ಬಾಗಿಲನ್ನು ನೋಡಿದ, ಏನೋ ಹೇಳಿದ. ತುಟಿ ಅಲುಗಿದ್ದು ಕಂಡಿತು, ಮಾತು ಯಾರಿಗೂ ಕೇಳಲಿಲ್ಲ. ತೊಟ್ಟು ಬಿಡಿಸುವ ಹೆಂಗಸರು ಒಬ್ಬೊಬ್ಬರೇ ಎದ್ದು ಬಂದು ಬಾಗಿಲ ಮುಂದೆ ನಿಂತರು, ಉಂಡು ಕೈ ತೊಳೆದ ಮೇಲೆ ಬಂದ ಬೀಗರನ್ನು ನೋಡುವ ಹಾಗೆ ತಲೆ ಎತ್ತಿ ಸೈರನ್ ನೋಡಿದರು. ಚನ್ನೇಶ ಈ ಸಲ ಕಿವಿ ಮುಚ್ಚಿಕೊಳ್ಳಲಿಲ್ಲ. ಅದನ್ನು ನಿಲ್ಲಿಸುವುದು ಗೊತ್ತಿದ್ದವನು ಮೈಲೇಶನೊಬ್ಬನೇ. ಅವನು ಕೈ ಎತ್ತಲಿಲ್ಲ.

ಕರೆವ್ವ ಸೆರಗು ಬಿಗಿದು ಅವನನ್ನು ದಾಟಿ ಒಳಗೆ ಹೋದಳು. ಕುಕ್ಕರಗಾಲಲ್ಲಿ ಕೂತು ಉದುರಿದ ಕಾಯಿಯನ್ನು ಒಂದು ಕಡೆ ಗುಡಿಸಿದಳು. ಸಿದ್ದಲಿಂಗೇಶ ಎರಡು ಹೆಜ್ಜೆ ಮುಂದಿಟ್ಟು ನಿಂತ. ಅವಳು ಮೈಲೇಶನ ಕಾಲನ್ನು ಕಸಬರಿಗೆಯಿಂದ ಮೆಲ್ಲಗೆ ಸರಿಸಿ, ಅದರಡಿ ಸಿಕ್ಕಿದ್ದ ನಾಲ್ಕು ಕಾಯಿಯನ್ನೂ ಆರಿಸಿ ಉಡಿಗೆ ಹಾಕಿಕೊಂಡಳು.